ಗೇಟಿನ ಎದುರಿನ ಅಂಗಡಿ, ಗೇಟಿನ ಒಳಗಿನ ಮಗು

ಮಕ್ಕಳ ಡಾಕ್ಟರಿಗೆ ಓದುಗರ ಪ್ರಶ್ನೆಗಳು

ಮಕ್ಕಳ ತೂಕದ ಬಗ್ಗೆ ಪ್ರಶ್ನೆ ಕಳಿಸಿ ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ತಾಯಂದಿರದ್ದು. ಅವರು ಕೇಳಿದ್ದೂ ಹೆಚ್ಚುಕಮ್ಮಿ ಒಂದೇ: ಯಾವ ಡಯಟ್ ಮಾಡಿಸಬೇಕು? ಡಯಟ್ ಚಾರ್ಟ್ ಬರೆದುಕೊಡುವುದು ನನಗೆ ಐದು ನಿಮಿಷದ ಕೆಲಸ. ಅದನ್ನು ಫ್ರಿಜ್ಜಿಗೆ ಅಂಟಿಸಿಕೊಳ್ಳುವುದು ನಿಮಗೂ ಸುಲಭ. ಆದರೆ ಮಗು ಹಗಲೆಲ್ಲ ಇರುವುದು ಶಾಲೆಯಲ್ಲಿ. ಹೋಗ್ತಾ ಬರ್ತಾ ದಾಟುವುದು ಅಂಗಡಿ ಸಾಲು. ಸಂಜೆಯಾದರೆ ಕೈಯಲ್ಲಿ ಫೋನು, ಅದರ ತುಂಬ ಜಾಹೀರಾತು. ಇದನ್ನೆಲ್ಲ ಹಾಗೇ ಬಿಟ್ಟು ತಾಯಿಯ ಅಡುಗೆಮನೆಯೊಂದನ್ನೇ ಸರಿಪಡಿಸಲು ಹೊರಟರೆ ಏನೂ ಆಗುವುದಿಲ್ಲ. ಅದಕ್ಕೇ ಈ ಸಲ ಅಂಗಡಿಯವರು, ಮಾಸ್ತರು, ಕಾರ್ಪೊರೇಟರು ಬರೆದ ಪತ್ರಗಳನ್ನೂ ಹುಡುಕಿ ತೆಗೆದಿದ್ದೇನೆ. ಯಾರ ಹೆಸರೂ ಹಾಕಿಲ್ಲ, ಊರು ಮಾತ್ರ ಇದೆ.

ನನ್ನ ಮಗನಿಗೆ ಒಂಬತ್ತು ವರ್ಷ. ಎತ್ತರ 132 ಸೆಂ.ಮೀ., ತೂಕ 46 ಕೆ.ಜಿ. "ಉಂಡು ಬೆಳದ ಕೂಸು, ನದರು ಹಾಕಬ್ಯಾಡ್ರಿ" ಅಂತಾರೆ ನಮ್ಮ ಅತ್ತೆ. ಕುತ್ತಿಗೆ ಹಿಂದೆ ಕಪ್ಪಗಾಗಿದೆ. ಕಡಲೆ ಹಿಟ್ಟು, ನಿಂಬೆಹಣ್ಣು ಹಚ್ಚಿ ತಿಕ್ಕಿದರೂ ಹೋಗುತ್ತಿಲ್ಲ. ಯಾವ ಕ್ರೀಮ್ ಹಚ್ಚಲಿ?
— ತಾಯಿ, ಕಲಬುರಗಿ

ತಂಗಿ, ಮೊದಲು ತಿಕ್ಕುವುದು ನಿಲ್ಲಿಸು. ಅದು ಕೊಳೆಯಲ್ಲ, ನಮ್ಮೂರ ಬಿಸಿಲಿಗೆ ಆದ ಕಪ್ಪೂ ಅಲ್ಲ. ಕ್ರೀಮ್ ಬೇಡವೇ ಬೇಡ.

ಒಳಗೆ ಆಗುತ್ತಿರುವುದು ಇಷ್ಟು. ಹೊಟ್ಟೆಯ ಸುತ್ತ ಕೊಬ್ಬು ಜಾಸ್ತಿಯಾದರೆ ಮೈ ಇನ್ಸುಲಿನ್ ಮಾತು ಕೇಳುವುದಿಲ್ಲ. ಆಗ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ. ರಕ್ತದ ಸಕ್ಕರೆ ಸದ್ಯಕ್ಕೆ ಸರಿಯಾಗಿಯೇ ಕಾಣುತ್ತದೆ. ಆದರೆ ಆ ಜಾಸ್ತಿ ಇನ್ಸುಲಿನ್ ಚರ್ಮವನ್ನು ದಪ್ಪಗೆ, ಕಪ್ಪಗೆ ಬೆಳೆಸುತ್ತದೆ. ಕುತ್ತಿಗೆ ಹಿಂದೆ, ಕಂಕುಳಲ್ಲಿ ಮುಟ್ಟಿ ನೋಡು, ಮಖಮಲ್ಲು ಮುಟ್ಟಿದ ಹಾಗಿರುತ್ತದೆ. ಅಕಾಂಥೋಸಿಸ್ ನೈಗ್ರಿಕಾನ್ಸ್ ಅಂತ ಇದರ ಹೆಸರು. ಹೆಸರು ಮರೆತರೂ ನಡೆಯುತ್ತದೆ. ಮುಂದೆ ಸಕ್ಕರೆ ಕಾಯಿಲೆ ಬರಬಹುದು ಎಂದು ಮೈ ಈಗಲೇ ಹೇಳುತ್ತಿದೆ, ಅದನ್ನು ಮರೆಯಬೇಡ. ತೂಕ ಹತೋಟಿಗೆ ಬಂದರೆ ಕಪ್ಪು ತಾನಾಗಿ ತಿಳಿಯಾಗುತ್ತದೆ.

ಇನ್ನು ಲೆಕ್ಕ. ಕೆ.ಜಿ. ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ ನಿನ್ನ ಮಗನಿಗೆ 26.4 ಬರುತ್ತದೆ. ದೊಡ್ಡವರಿಗೇ ಇದು ಜಾಸ್ತಿ. ಮಕ್ಕಳಿಗೆ ವಯಸ್ಸಿನ ಪ್ರಕಾರ ಬೇರೆ ಚಾರ್ಟ್ ಇದೆ. ಭಾರತೀಯ ಮಕ್ಕಳ ವೈದ್ಯರ ಸಂಘ 2015ರಲ್ಲಿ ನಮ್ಮ ಮಕ್ಕಳಿಗೆಂದೇ ಮಾಡಿದ್ದು. ಅದರಲ್ಲಿ ತೂಕ ಜಾಸ್ತಿ ಅನ್ನುವ ಗೆರೆ ಒಂದು, ಬೊಜ್ಜು ಅನ್ನುವ ಗೆರೆ ಇನ್ನೊಂದು. ಇವನು ಎರಡನ್ನೂ ದಾಟಿದ್ದಾನೆ. ಚಾರ್ಟ್ ಸಿಗದಿದ್ದರೆ ಮನೆಯಲ್ಲೇ ಒಂದು ದಾರ ತಗೋ. ಮಗನ ಎತ್ತರಕ್ಕೆ ಸರಿಯಾಗಿ ಕತ್ತರಿಸು, ಮಡಚಿ ಅರ್ಧ ಮಾಡು, ಸೊಂಟಕ್ಕೆ ಸುತ್ತು. ಎರಡು ತುದಿ ಕೂಡದಿದ್ದರೆ ಹೊಟ್ಟೆಯ ಕೊಬ್ಬು ಜಾಸ್ತಿ ಇದೆ ಅಂತ ಅರ್ಥ. ಬಿ.ಪಿ., ಸಕ್ಕರೆ, ಕೊಲೆಸ್ಟ್ರಾಲ್, ಲಿವರ್ ಇಷ್ಟನ್ನು ಒಂದು ಸಲ ನೋಡಿಸಿಬಿಡು. ಥೈರಾಯ್ಡ್ ಇರಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಮಗು ಗಿಡ್ಡವಾಗಿಯೂ ಇದ್ದು ದಪ್ಪವಾಗಿಯೂ ಇದ್ದರೆ ನನಗೂ ಆ ಅನುಮಾನ ಬರುತ್ತದೆ. ನಿನ್ನ ಮಗನ ಎತ್ತರ ವಯಸ್ಸಿಗೆ ಸರಿಯಾಗಿದೆ.

ನಿನ್ನ ಪತ್ರದ ಎರಡನೇ ಪುಟ ನನಗೆ ತುಂಬ ಉಪಯೋಗಕ್ಕೆ ಬಂತು. ದಿನವಿಡೀ ಏನು ತಿನ್ನುತ್ತಾನೆ ಎಂದು ಪೂರ್ತಿ ಬರೆದಿದ್ದೀ. ಬೆಳಗ್ಗೆ ಚಹಾದಲ್ಲಿ ಅದ್ದಿದ ಬಿಸ್ಕತ್ತು. ಡಬ್ಬಿಗೆ ನೂಡಲ್ಸ್. ಶಾಲೆ ಬಿಟ್ಟಾಗ ಮುತ್ಯಾ ಕೊಡುವ ದುಡ್ಡಿನಲ್ಲಿ ಒಂದು ಚಿಪ್ಸ್ ಪಾಕೀಟು, ಒಂದು ಮಾವಿನ ಜ್ಯೂಸು. ಆಮೇಲೆ ಟ್ಯೂಷನ್, ಆಮೇಲೆ ಫೋನು. ರಾತ್ರಿ ಎರಡು ಜೋಳದ ರೊಟ್ಟಿ, ಬೇಳೆ, ಪಲ್ಯ. ಕೊನೆಗೆ ಕೇಳಿದ್ದೀ, ರೊಟ್ಟಿ ಒಂದಕ್ಕೆ ಇಳಿಸಲಾ?

ರೊಟ್ಟಿ ಮುಟ್ಟಬೇಡ! ಆ ಪಟ್ಟಿಯಲ್ಲಿ ತಪ್ಪಿಲ್ಲದ ಊಟ ಅದೊಂದೇ. ಜೋಳದ ರೊಟ್ಟಿ, ತೊಗರಿ ಬೇಳೆ, ಪುಂಡಿ ಪಲ್ಯ, ಚಮಚೆ ಶೇಂಗಾ ಹಿಂಡಿ. ಇದನ್ನು ಉಂಡು ಒಂಬತ್ತು ವರ್ಷಕ್ಕೆ ಕುತ್ತಿಗೆ ಕಪ್ಪಾದ ಮಗುವನ್ನು ನಾನು ಕಂಡಿಲ್ಲ. ತೆಗೆಯಬೇಕಾದ್ದು ಜ್ಯೂಸು. ಕೋಲಾದಲ್ಲಿ 100 ಮಿ.ಲೀ.ಗೆ ಹತ್ತು-ಹನ್ನೊಂದು ಗ್ರಾಂ ಸಕ್ಕರೆ ಇರುತ್ತದೆ. ಮಾವಿನ ಜ್ಯೂಸಿನ ಡಬ್ಬಿಯೂ ಅದಕ್ಕಿಂತ ಸಾಚಾ ಅಲ್ಲ, ಹಿಂದೆ ತಿರುಗಿಸಿ ಓದು. 250 ಮಿ.ಲೀ. ಕುಡಿದರೆ 25 ಗ್ರಾಂ ದಾಟುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಇಡೀ ದಿನಕ್ಕೆ ಹೇಳಿದ ಮಿತಿಯೇ 25 ಗ್ರಾಂ! ಕುಡಿದ ಸಕ್ಕರೆ ಹೊಟ್ಟೆ ತುಂಬಿಸುವುದೂ ಇಲ್ಲ, ಹಸಿವು ಹಾಗೇ ಇರುತ್ತದೆ.

ಅವನಿಗೆ ಉಪವಾಸ ಹಾಕಬೇಡ. ಬೆಳೆಯುವ ಹುಡುಗ. ತೂಕ ಇದ್ದಲ್ಲೇ ನಿಂತು ಎತ್ತರ ಬೆಳೆದರೆ ಅರ್ಧ ಕೆಲಸ ಆದ ಹಾಗೆ. ಅತ್ತೆಯವರ ಜೊತೆ ಜಗಳವನ್ನೂ ಕಾಯಬೇಡ. ಎಪ್ಪತ್ತೆರಡರ ಬರ ಕಂಡವರಿಗೆ ದುಂಡಗಿನ ಮಗು ನೋಡಿದರೆ ಏನೋ ಸಮಾಧಾನ. ಆ ಸಮಾಧಾನ ಸುಳ್ಳೂ ಅಲ್ಲ. ಅವರ ಕೈಗೇ ಆ ದಾರ ಕೊಡು, ಅವರೇ ಅಳೆಯಲಿ. ಮುತ್ಯಾನಿಗೆ ಒಂದು ಮಾತು ಹೇಳು: ದುಡ್ಡು ಕೊಡುವ ಬದಲು ಕೈ ಹಿಡಿದು ಅಂಗಡಿ ದಾಟಿಸಿ ಮನೆಗೆ ಕರಕೊಂಡು ಬರಲಿ.

ಹೈಸ್ಕೂಲ್ ಎದುರಿಗೇ ನನ್ನ ಕಿರಾಣಿ ಅಂಗಡಿ. ಚಿಪ್ಸು, ಖಾರದ ಪಾಕೀಟು, ಕೋಲ್ಡ್ರಿಂಕ್ಸ್ ಮೇಲೇ ನಮ್ಮ ಸಂಸಾರ ನಡೀತದ. ಹೆಡ್‌ಮಾಸ್ತರು ಬಂದು "ಐವತ್ತು ಮೀಟರ್ ಒಳಗ ಮಾರಂಗಿಲ್ಲ, ಕಾಯ್ದೆ ಐತಿ" ಅಂದ್ರು. ಹೌದೇನ್ರಿ? ನಾನೇನು ವಿಷ ಮಾರ್ತೀನೇನ್ರಿ?
— ಅಂಗಡಿಕಾರ, ಹುಮನಾಬಾದ್

ಹೌದ್ರಿ, ನಿಯಮ ಇದೆ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ಹೊರಡಿಸಿದ್ದು, 2021ರ ಜುಲೈನಿಂದ ಜಾರಿ. ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿಂಡಿಯನ್ನು ಶಾಲೆಯ ಒಳಗೆ, ಶಾಲೆಯ ಗೇಟಿನಿಂದ ಯಾವ ದಿಕ್ಕಿಗಾದರೂ 50 ಮೀಟರ್ ಒಳಗೆ ಮಕ್ಕಳಿಗೆ ಮಾರಬಾರದು. ಪುಕ್ಕಟೆ ಹಂಚುವ ಹಾಗೂ ಇಲ್ಲ, ಅದರ ಜಾಹೀರಾತು ಹಾಕುವ ಹಾಗೂ ಇಲ್ಲ. ಶಾಲೆಯ ಸುತ್ತ 100 ಗಜದೊಳಗೆ ಬೀಡಿ ಸಿಗರೇಟು ಮಾರಬಾರದು ಎಂದು 2003ರ ಕಾಯ್ದೆ ಇದೆಯಲ್ಲ, ಅದು ನಿಮಗೆ ಗೊತ್ತೇ ಇರುತ್ತದೆ. ಇದೂ ಅದೇ ದಾರಿಯದು. ಅದು ಬಂದಾಗಲೂ ಅಂಗಡಿಕಾರರು ಹೀಗೇ ಕೇಳಿದ್ದರು.

ವಿಷ ಅಂತ ನಾನು ಅನ್ನುವುದಿಲ್ಲ. ಆದರೆ ಒಂದು ಕೆಲಸ ಮಾಡಿ. ನಾಳೆ ಬೆಳಗ್ಗೆ ಅಂಗಡಿ ತೆಗೆದ ಮೇಲೆ ರಸ್ತೆಗೆ ಇಳಿದು, ಮೂರನೇ ಕ್ಲಾಸಿನ ಹುಡುಗನ ಎತ್ತರಕ್ಕೆ ಬಗ್ಗಿ ನಿಮ್ಮ ಅಂಗಡಿಯನ್ನು ನೀವೇ ನೋಡಿ. ನಿಮ್ಮ ಕಣ್ಣಿಗೆ ಕಾಣುವ ಕಟ್ಟೆಯ ಮೇಲೆ ಅಕ್ಕಿ, ಬೇಳೆ, ಸಾಬೂನು. ಅವನ ಕಣ್ಣಿಗೆ ಮಾತ್ರ ಪಾಕೀಟಿನ ಸರಗಳೇ. ಕೆಂಪು, ಹಳದಿ, ನೀಲಿ, ಕೈ ಚಾಚಿದರೆ ಸಿಗುವಷ್ಟು ಕೆಳಗೆ. ಅದನ್ನು ಹಾಗೆ ಕಟ್ಟಿದ್ದು ನೀವಾ, ಮಾಲು ತರುವ ಸೇಲ್ಸ್‌ಮನ್ನಾ? ಫ್ರಿಜ್ ಯಾರು ಕೊಟ್ಟಿದ್ದು, ಅಂಗಡಿ ಬೋರ್ಡು ಯಾರು ಬರೆಸಿಕೊಟ್ಟಿದ್ದು? ಪಾಕೀಟಿನ ಬೆಲೆ ಐದು ರೂಪಾಯಿ ಅಂತ ಗಟ್ಟಿಯಾಗಿ ನಿಂತಿರುವುದೂ ಸುಮ್ನೆ ಅಲ್ಲ. ಮಗುವಿನ ಕೈಗೆ ಸಿಗುವ ನಾಣ್ಯ ಎಷ್ಟು ಎಂದು ಕಂಪನಿಗೆ ಗೊತ್ತು. ಖರ್ಚು ಏರಿದಾಗ ಬೆಲೆ ಏರಿಸುವುದಿಲ್ಲ, ಒಳಗಿನ ಮಾಲು ಕಡಿಮೆ ಮಾಡುತ್ತಾರೆ. ಪಾಕೀಟಿನೊಳಗೆ ಆಟಿಕೆ ಇಟ್ಟರೆ ತಿಂಡಿಯ ರುಚಿಯೂ ಬೇಕಾಗಿಲ್ಲ, ಆಟಿಕೆಗಾಗಿಯೇ ಹಟ ಹಿಡಿಯುತ್ತದೆ ಮಗು. ಬೇಡದ ಮಾಲು ಕೊಳ್ಳುವ ಹಾಗೆ ಉಡುಗೊರೆ ತೋರಿಸಿ ಮಕ್ಕಳನ್ನು ಸೆಳೆಯಬಾರದು ಎಂದು 2022ರಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರ ಜಾಹೀರಾತಿಗೆ ನಿಯಮ ಮಾಡಿದೆ. ಮಕ್ಕಳ ಚಾನೆಲ್‌ನಲ್ಲಿ ಚಿಪ್ಸ್, ಗ್ಯಾಸ್ ಪಾನೀಯದ ಜಾಹೀರಾತು ಬರಬಾರದು ಎಂಬುದೂ ಅದರಲ್ಲೇ ಇದೆ. ಟಿ.ವಿ.ಗೆ ಹಾಗೆ ಹೇಳಿದ್ದಾರೆ. ಅದೇ ಮಗು ಶಾಲೆಗೆ ಹೋಗುವ ದಾರಿಯಲ್ಲಿ ನಿಮ್ಮ ಅಂಗಡಿಯ ಸರವೇ ಜಾಹೀರಾತು, ಅಲ್ವಾ?

ಏನು ಮಾರಬೇಕು ಹಾಗಾದರೆ? ಪುಸ್ತಕದ ಮಾತು ಹೇಳಲಾರೆ, ನಿಮ್ಮ ಕಷ್ಟ ನನಗೂ ಕಾಣುತ್ತದೆ. ಬಾಳೆಹಣ್ಣು ಮೂರು ದಿನಕ್ಕೆ ಕಪ್ಪಾಗುತ್ತದೆ. ಚಿಪ್ಸು ಆರು ತಿಂಗಳಾದರೂ ಹಾಗೇ ಕೂತಿರುತ್ತದೆ, ಇಲಿ ಕಡಿದರೆ ಸೇಲ್ಸ್‌ಮನ್ ಬದಲಿ ಕೊಡುತ್ತಾನೆ. ಲಾಭದಲ್ಲಿ ಎರಡೂ ಒಂದೇ ಅಲ್ಲ. ಆದರೂ ನನ್ನ ಕ್ಲಿನಿಕ್ ಎದುರು ಬುಟ್ಟಿ ಇಟ್ಟುಕೊಂಡು ಕೂರುವ ಒಬ್ಬ ಅಕ್ಕನನ್ನು ದಿನಾ ನೋಡುತ್ತೇನೆ. ಕುದಿಸಿದ ಶೇಂಗಾ, ಕಾಲಕ್ಕೆ ತಕ್ಕ ಹಾಗೆ ಸುಲಗಾಯಿ, ಸೀತನಿ, ಬಾರೆಹಣ್ಣು, ಪೇರಲ. ಉಪ್ಪು ಖಾರ ಸವರಿ ಕಾಗದದ ಪೊಟ್ಟಣದಲ್ಲಿ ಕೊಡುತ್ತಾಳೆ. ಶಾಲೆ ಬಿಟ್ಟ ಅರ್ಧ ತಾಸಿನಲ್ಲಿ ಬುಟ್ಟಿ ಖಾಲಿ. ಅವಳಿಗೆ ಕಾಂಪಿಟೇಷನ್ ಇಲ್ಲದ್ದಕ್ಕೆ ಅಲ್ಲ, ಅವಳ ಪಕ್ಕದಲ್ಲೇ ಚಿಪ್ಸಿನ ಅಂಗಡಿ ಇದೆ. ನೀವೂ ಪಾಕೀಟಿನ ಸರ ತೆಗೆದು ಒಳಗೆ, ಮೇಲೆ ಇಡಿ. ಮುಂದಿನ ಕಟ್ಟೆಯನ್ನು ಮಕ್ಕಳು ಬರುವ ಹೊತ್ತಿಗೆ ಶೇಂಗಾ, ಹಣ್ಣು, ಮಜ್ಜಿಗೆಗೆ ಬಿಡಿ. ಆ ಫ್ರಿಜ್ಜಿನಲ್ಲಿ ಮಜ್ಜಿಗೆ ಇಟ್ಟರೆ ಕಂಪನಿಯವರು ತಕರಾರು ಮಾಡಬಹುದು, ಸಹಿ ಹಾಕಿದ ಕಾಗದ ಒಂದು ಸಲ ಓದಿ ನೋಡಿ.

ಹೆಡ್‌ಮಾಸ್ತರಿಗೂ ನನ್ನದೊಂದು ಮಾತು ಇದೆ. ಬರೀ ಕಾಯ್ದೆ ತೋರಿಸಿ ಹೋದರೆ ಆಗಲ್ಲ. ಗ್ಯಾದರಿಂಗ್, ಸ್ಪೋರ್ಟ್ಸ್ ಡೇ, ಆಗಸ್ಟ್ ಹದಿನೈದಕ್ಕೆ ಬೇಕಾದ ಬಾಳೆಹಣ್ಣು, ಶೇಂಗಾ, ಬೆಲ್ಲ ಎಲ್ಲ ಈ ಅಂಗಡಿಯಿಂದಲೇ ತರಿಸಲಿ. ಪಾಕೀಟು ಬಿಟ್ಟವನಿಗೆ ಅಷ್ಟಾದರೂ ವ್ಯಾಪಾರ ಆಗಬೇಕು.

ನಾನು ಸರ್ಕಾರಿ ಪ್ರಾಥಮಿಕ ಶಾಲೆ ಶಿಕ್ಷಕ. ನಮ್ಮ ಮಕ್ಕಳ ಎಲುಬು ಎಣಿಸಬಹುದು. ಬೊಜ್ಜಿನ ಮಾತು ಪಟ್ಟಣದ ಕಾನ್ವೆಂಟ್ ಮಕ್ಕಳದ್ದು. ಇದು ನಮಗೆ ಯಾಕೆ?
— ಶಿಕ್ಷಕ, ಗುರುಮಠಕಲ್ ತಾಲ್ಲೂಕು

ಸರ್, ಕೋಪ ಅರ್ಥವಾಗುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2019–21ರ ಪ್ರಕಾರ ರಾಜ್ಯದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 35 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರ ಇಲ್ಲ. ನಿಮ್ಮ ಯಾದಗಿರಿ ಅದರಲ್ಲಿ ತೀರ ಹಿಂದುಳಿದ ಜಿಲ್ಲೆಗಳಲ್ಲಿ ಒಂದು. ಅದೇ ಸಮೀಕ್ಷೆಯಲ್ಲಿ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ತೂಕ ಜಾಸ್ತಿ ಇದ್ದವರು ಶೇ 3.4. ಅದಕ್ಕೂ ಹಿಂದಿನ ಸಲ ಶೇ 2.1 ಇತ್ತು. 2025ರಲ್ಲಿ ಯುನಿಸೆಫ್ ಒಂದು ವರದಿ ಕೊಟ್ಟಿತು. ಜಗತ್ತಿನ 5ರಿಂದ 19 ವರ್ಷದ ಮಕ್ಕಳಲ್ಲಿ ಬೊಜ್ಜಿನವರು (ಶೇ 9.4) ಮೊದಲ ಸಲ ತೂಕ ಕಡಿಮೆ ಇರುವವರನ್ನು (ಶೇ 9.2) ದಾಟಿದ್ದಾರೆ ಅಂತ. ದಕ್ಷಿಣ ಏಷ್ಯಾ, ಆಫ್ರಿಕಾದ ಸಹಾರಾ ಕೆಳಗಿನ ದೇಶಗಳು ಮಾತ್ರ ಇದಕ್ಕೆ ಹೊರತು. ಅಂದರೆ ನೀವು ಹೇಳಿದ್ದು ನಿಜ, ನಮ್ಮಲ್ಲಿ ಇನ್ನೂ ತೆಳ್ಳಗಿನ ಮಕ್ಕಳೇ ಜಾಸ್ತಿ.

ಆದರೆ ನಾನು ಓ.ಪಿ.ಡಿ.ಯಲ್ಲಿ ನೋಡುವುದು ಬೇರೆಯೇ. ಒಂದೇ ಮನೆಯಿಂದ ಇಬ್ಬರು ಬರುತ್ತಾರೆ. ಅಣ್ಣನಿಗೆ ಹೊಟ್ಟೆ, ತಂಗಿಗೆ ರಕ್ತ ಇಲ್ಲ. ಇಬ್ಬರ ಕೈಯಲ್ಲೂ ಅದೇ ಐದು ರೂಪಾಯಿ ಪಾಕೀಟು. ಅಣ್ಣ ಊಟ ಮಾಡಿ ಅದರ ಮೇಲೆ ಪಾಕೀಟು ತಿನ್ನುತ್ತಾನೆ. ತಂಗಿ ಪಾಕೀಟು ತಿಂದು ಊಟ ಬಿಡುತ್ತಾಳೆ. ತಿಂದದ್ದು ಒಂದೇ, ರೋಗ ಎರಡು. ಹಾಗಾಗಿ ಪಾಕೀಟಿನ ಮಾತು ಕಾನ್ವೆಂಟಿಗಷ್ಟೇ ಅಲ್ಲ.

ಇನ್ನೊಂದು ಇದೆ. ಪುಣೆ ಸುತ್ತಲಿನ ಹಳ್ಳಿಗಳಲ್ಲಿ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ ಬಸುರಿಯರನ್ನು, ಹುಟ್ಟಿದ ಕೂಸುಗಳನ್ನು ವರ್ಷಗಟ್ಟಲೆ ನೋಡಿತು. ಅಲ್ಲಿನ ಕೂಸಿನ ತೂಕ ಸರಾಸರಿ 2.7 ಕೆ.ಜಿ., ಇಂಗ್ಲೆಂಡಿನ ಕೂಸಿನದ್ದು 3.5. ಕೂಸು ಸಣ್ಣದೇ. ಆದರೆ ಮಾಂಸಖಂಡ ಕಡಿಮೆ ಆದಷ್ಟು ಕೊಬ್ಬು ಕಡಿಮೆ ಆಗಿರಲಿಲ್ಲ. ಹೀಗೆ ಹುಟ್ಟಿದವರು ಮುಂದೆ ದಿಢೀರ್ ತೂಕ ಏರಿದರೆ ಸಕ್ಕರೆ ಕಾಯಿಲೆ ಬೇಗ ಬರುತ್ತದೆ. ನಿಮ್ಮ ಕ್ಲಾಸಿನ ಎಲುಬಿನ ಹುಡುಗ ನಾಳೆ ಬೆಂಗಳೂರಿಗೋ ಪುಣೆಗೋ ದುಡಿಯಲು ಹೋಗಿ, ಹೊರಗಡೆ ಊಟ, ಕೋಲ್ಡ್ರಿಂಕ್ಸ್ ಶುರು ಮಾಡಿದನೆಂದರೆ ಅಪಾಯ ಅವನಿಗೇ ಮೊದಲು.

ನಿಮ್ಮ ಕೈಯಲ್ಲಿ ಕಾನ್ವೆಂಟಿನವರಿಗೆ ಇಲ್ಲದ ಒಂದು ಆಸ್ತಿ ಇದೆ, ಬಿಸಿಯೂಟ. ಮೊಟ್ಟೆ ಕೊಡುವುದು 2021ರ ಡಿಸೆಂಬರಿನಲ್ಲಿ ಶುರುವಾದದ್ದೇ ನಮ್ಮ ಕಡೆಯ ಜಿಲ್ಲೆಗಳಲ್ಲಿ. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವಿನಲ್ಲಿ ವಾರಕ್ಕೆ ಆರು ದಿನ ಆಯಿತು, ಬೇಡದವರಿಗೆ ಬಾಳೆಹಣ್ಣು. ಒಂದು ಮೊಟ್ಟೆಯಲ್ಲಿ ಆರು ಗ್ರಾಂ ಪ್ರೊಟೀನ್. ಹಾಲು 2013ರಿಂದಲೇ ಇದೆ, ಈಗ ರಾಗಿ ಮಾಲ್ಟೂ ಬಂದಿದೆ. ಇಷ್ಟು ಕೊಟ್ಟು, ಊಟಕ್ಕೆ ಹತ್ತು ನಿಮಿಷ ಮೊದಲು ಗೇಟಿನ ಹತ್ತಿರ ಪಾಕೀಟು ತಿನ್ನಲು ಬಿಟ್ಟರೆ ಮೊಟ್ಟೆ ತಟ್ಟೆಯಲ್ಲೇ ಉಳಿಯುತ್ತದೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಒಂದು ಸಾಲಿನ ಠರಾವು ಮಾಡಿ: ಬೆಳಗ್ಗೆ ಗೇಟು ಮುಚ್ಚಿದ ಮೇಲೆ ಊಟ ಆಗುವವರೆಗೆ ಅಂಗಡಿಗೆ ಬಿಡುವುದಿಲ್ಲ ಅಂತ.

ನಾನು ಏಳನೇ ಕ್ಲಾಸ್. ನನ್ನನ್ನು ಕ್ಲಾಸಿನಲ್ಲಿ "ಡ್ರಮ್" ಅಂತಾರೆ. ತೂಕ ನೋಡುವಾಗ ಸರ್ ಜೋರಾಗಿ ಓದಿದರು, ಎಲ್ಲರೂ ನಕ್ಕರು. ಆಟದ ಪೀರಿಯಡ್‌ನಲ್ಲಿ ಮ್ಯಾಥ್ಸ್ ತಗೋತಾರೆ. ನಾನು ಊಟ ಬಿಡಲಾ ಮೇಡಂ?
— ವಿದ್ಯಾರ್ಥಿನಿ, ಕಲಬುರಗಿ

ಬಿಡಬೇಡ ಪುಟ್ಟಿ. ಊಟ ಬಿಟ್ಟವರು ಸಂಜೆಗೆ ಎರಡರಷ್ಟು ತಿನ್ನುತ್ತಾರೆ. ನೀನು ಬೆಳೆಯುವ ವಯಸ್ಸಿನವಳು, ಈಗ ಮೈ ಸ್ವಲ್ಪ ತುಂಬಿಕೊಳ್ಳುವುದು ಸಹಜ. ಅಪ್ಪ ಅಮ್ಮನ ಜೊತೆ ಒಂದು ಸಲ ಡಾಕ್ಟರ ಹತ್ತಿರ ಹೋಗಿ ಬಾ. ಬೊಜ್ಜು ಹೌದೋ ಅಲ್ಲವೋ ಅವರು ಹೇಳಲಿ, ಕ್ಲಾಸಿನ ಹುಡುಗರಲ್ಲ.

ಇನ್ನು ನಿನ್ನ ಹೆಡ್‌ಮಿಸ್ಗೆ. ಈ ಪುಟ ಕತ್ತರಿಸಿ ಕೊಡು ಅವರಿಗೆ. ಮೇಡಂ, ಮಗುವಿನ ತೂಕವನ್ನು ಪರದೆಯ ಹಿಂದೆ ನೋಡಿ, ಚೀಟಿಯಲ್ಲಿ ಬರೆದು ಮಡಚಿ ಮನೆಗೆ ಕಳಿಸಿ. ಜೋರಾಗಿ ಓದಿದರೆ ಆ ಮಗು ಮೈದಾನಕ್ಕೆ ಇಳಿಯುವುದನ್ನೇ ಬಿಡುತ್ತದೆ, ತೂಕ ಇನ್ನೂ ಏರುತ್ತದೆ. ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಆಟ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಮ್ಮ ವೇಳಾಪಟ್ಟಿಯಲ್ಲಿ ವಾರಕ್ಕೆ ಎರಡು ಪೀರಿಯಡ್ ಇದೆ, ಅದನ್ನೂ ಗಣಿತದ ಸರ್ ನುಂಗುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲೆಗೆ ಮೈದಾನ ಇರಲೇಬೇಕು. ಮೈದಾನದಲ್ಲಿ ಸ್ಕೂಲ್ ಬಸ್ಸು ನಿಲ್ಲಿಸಿದರೆ ಅದು ಬಸ್ ಸ್ಟ್ಯಾಂಡು. ಬಿಸಿಲು ಅಂತ ನೆಪ ಹೇಳಬೇಡಿ. ಬೇಸಿಗೆಯಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿಗಳೇ ಬೆಳಗ್ಗೆ ಎಂಟಕ್ಕೆ ತೆರೆಯುತ್ತವೆ. ಮಾರ್ಚ್ ಬಂತೆಂದರೆ ಆಟದ ಪೀರಿಯಡ್ಡನ್ನೂ ಬೆಳಗಿನ ಮೊದಲ ಪೀರಿಯಡ್ ಮಾಡಿ.

ಪುಟ್ಟಿ, ನಿನಗೆ ಒಂದು ಕೆಲಸ. ಶಾಲೆಗಳಲ್ಲಿ ಸಕ್ಕರೆ ಫಲಕ ಹಾಕಬೇಕು ಎಂದು ಸಿಬಿಎಸ್‌ಇ 2025ರಲ್ಲಿ ತನ್ನ ಶಾಲೆಗಳಿಗೆ ಹೇಳಿದೆ. ಯಾವ ಪಾನೀಯದಲ್ಲಿ ಎಷ್ಟು ಸಕ್ಕರೆ ಅಂತ ಬರೆದು ತೂಗುಹಾಕುವ ಬೋರ್ಡು ಅದು. ನಿಮ್ಮದು ಸ್ಟೇಟ್ ಸಿಲಬಸ್ ಆದರೇನು? ನೀನು, ನಿನ್ನ ಗೆಳತಿಯರು ಸೇರಿ ಖಾಲಿ ಬಾಟಲಿ, ಪಾಕೀಟು ಕೂಡಿಸಿ, ಹಿಂದಿನ ಸಣ್ಣ ಅಕ್ಷರ ಓದಿ, ಐದು ಗ್ರಾಮಿಗೆ ಒಂದು ಚಮಚೆ ಲೆಕ್ಕದಲ್ಲಿ ಬರೆಯಿರಿ. ನಕ್ಕವರನ್ನೂ ಅದಕ್ಕೆ ಸೇರಿಸಿಕೋ, ಲೆಕ್ಕ ಮಾಡುವುದು ಅವರ ಪಾಲಿಗೆ ಇರಲಿ.

ಹಾಲಿಗೆ ಹಾಕುವ ಪುಡಿ ಮೊಮ್ಮಗನಿಗೆ ಎರಡು ಹೊತ್ತು ಕೊಡುತ್ತೇವೆ. ಎತ್ತರ ಆಗತಾನ, ಶಾಣ್ಯಾ ಆಗತಾನ ಅಂತ ಟಿ.ವಿ.ಯಲ್ಲಿ ಬರುತ್ತದೆ. ಆಗುತ್ತಾನಾ?
— ಅಜ್ಜ, ಬಸವಕಲ್ಯಾಣ

ಮುತ್ಯಾ, ಹಾಲಿನಿಂದ ಆಗುತ್ತಾನೆ, ಪುಡಿಯಿಂದ ಅಲ್ಲ. ಡಬ್ಬಿಯ ಹಿಂದೆ ಪದಾರ್ಥಗಳ ಪಟ್ಟಿ ಇರುತ್ತದೆ. ಯಾವುದು ಜಾಸ್ತಿ ಇದೆಯೋ ಅದು ಮೊದಲು ಬರೆಯಬೇಕು, ನಿಯಮವೇ ಹಾಗಿದೆ. ಸಕ್ಕರೆ ಎಷ್ಟನೇ ಜಾಗದಲ್ಲಿದೆ ಎಂದು ಮೊಮ್ಮಗನ ಕೈಲೇ ಓದಿಸಿ. ನಮ್ಮ ಆಹಾರ ಕಾಯ್ದೆಯಲ್ಲಿ "ಆರೋಗ್ಯ ಪೇಯ" ಅನ್ನುವ ಪದಾರ್ಥವೇ ಇಲ್ಲ. ಆ ಹೆಸರಿನಡಿ ಇಂಥ ಪುಡಿಗಳನ್ನು ಇಡಬೇಡಿ ಎಂದು 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆನ್‌ಲೈನ್ ಅಂಗಡಿಗಳಿಗೆ ಹೇಳಿತು. ಡಬ್ಬಿಯ ದುಡ್ಡಿಗೆ ಎಷ್ಟು ಲೀಟರ್ ಹಾಲು ಬರುತ್ತದೆ, ಎಷ್ಟು ಮೊಟ್ಟೆ ಬರುತ್ತವೆ, ಲೆಕ್ಕ ಹಾಕಿ. ಬರೀ ಹಾಲು ಕುಡಿಯಲ್ಲ ಅಂದರೆ ಒಂದು ಖರ್ಜೂರ ಅರೆದು ಹಾಕಿ.

ನಾನು ಪಾಲಿಕೆ ಸದಸ್ಯ. ಮಕ್ಕಳ ಬೊಜ್ಜಿಗೆ ವಾರ್ಡಿನಲ್ಲಿ ನಾವು ಏನು ಮಾಡಲು ಸಾಧ್ಯ? ಗಟಾರ, ರಸ್ತೆ ನಮ್ಮ ಕೆಲಸ. ಊಟ ಅವರವರ ಮನೆ ವಿಷಯ ಅಲ್ಲವೇ?
— ಕಾರ್ಪೊರೇಟರ್, ಕಲಬುರಗಿ

ಅಲ್ಲ ಸರ್. ಬಸ್ ಶೆಲ್ಟರ್ ಮೇಲಿನ ಕೋಲಾ ಬೋರ್ಡು ಮನೆ ವಿಷಯವಾ? ಹೋರ್ಡಿಂಗ್ ಪರವಾನಗಿ ಕೊಡುವವರು ನೀವೇ.

ಹೊರಗಿನ ಊರುಗಳು ಏನು ಮಾಡಿವೆ ನೋಡಿ. ಆಮ್‌ಸ್ಟರ್‌ಡ್ಯಾಂ ನಗರ 2012ರಲ್ಲಿ ಇದನ್ನು ತನ್ನದೇ ಕೆಲಸ ಅಂತ ತೆಗೆದುಕೊಂಡಿತು. ಶಾಲೆಗಳಲ್ಲಿ ಜ್ಯೂಸು ಬಿಡಿಸಿ ನೀರು ಕೊಡಿಸಿತು, ಊರಲ್ಲಿ ಕುಡಿಯುವ ನೀರಿನ ನಲ್ಲಿ ಹೆಚ್ಚಿಸಿತು, ನಗರಸಭೆಯ ಆಟೋಟಗಳಿಗೆ ಕೋಲಾ, ಬರ್ಗರ್ ಕಂಪನಿಗಳ ದುಡ್ಡು ಬೇಡ ಅಂದಿತು. ಮೊದಲ ಮೂರು ವರ್ಷದಲ್ಲಿ ತೂಕ ಜಾಸ್ತಿ ಇರುವ ಮಕ್ಕಳು ಶೇ 21ರಿಂದ 18.5ಕ್ಕೆ ಇಳಿದರು. ಚಿಲಿ ದೇಶ 2016ರಲ್ಲಿ ಸಕ್ಕರೆ, ಉಪ್ಪು, ಕೊಬ್ಬು ಜಾಸ್ತಿ ಇರುವ ಪಾಕೀಟಿನ ಮೇಲೆ ಎಚ್ಚರಿಕೆಯ ಕಪ್ಪು ಎಂಟುಮೂಲೆ ಮುದ್ರೆ ಹಾಕಿಸಿತು, ಕಾರ್ಟೂನ್ ಚಿತ್ರ ತೆಗೆಸಿತು, ಅವನ್ನು ಶಾಲೆಯಲ್ಲಿ ಮಾರದ ಹಾಗೆ ಮಾಡಿತು. ಮೆಕ್ಸಿಕೊ 2014ರಲ್ಲೇ ಸಿಹಿ ಪಾನೀಯಕ್ಕೆ ಲೀಟರಿಗೆ ಒಂದು ಪೆಸೊ ತೆರಿಗೆ ಹಾಕಿತು. 2025ರ ಮಾರ್ಚಿನಿಂದ ಆ ದೇಶದ ಶಾಲೆಗಳಲ್ಲೆಲ್ಲ ಜಂಕ್ ಫುಡ್ ನಿಷೇಧ. ನಮ್ಮ ಪಕ್ಕದ ಕೇರಳವೂ 2016ರಲ್ಲಿ ಬರ್ಗರ್, ಪಿಜ್ಜಾಗೆ ಶೇ 14.5 ತೆರಿಗೆ ಹಾಕಿತ್ತು, ಜಿಎಸ್‌ಟಿ ಬಂದು ಅದು ಹೋಯಿತು. ಈಗಿನ ಜಿಎಸ್‌ಟಿ ನೋಡಿದರೆ ನನಗೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. 2025ರ ಸೆಪ್ಟೆಂಬರಿನಿಂದ ಗ್ಯಾಸ್ ಪಾನೀಯಕ್ಕೆ ಶೇ 40. ಒಳ್ಳೆಯದು. ಆದರೆ ಅದೇ ದಿನ ಬಿಸ್ಕತ್ತು, ಚಾಕಲೇಟು ಶೇ 18ರಿಂದ 5ಕ್ಕೆ ಇಳಿದವು. ಗ್ಯಾಸ್ ಇಲ್ಲದ ಹಣ್ಣಿನ ಜ್ಯೂಸೂ, ಖಾರದ ಪಾಕೀಟೂ ಶೇ 12ರಿಂದ 5ಕ್ಕೆ. ಮೇಲಿನ ಪತ್ರದ ಹುಡುಗ ಕುಡಿಯುವುದು ಆ ಜ್ಯೂಸನ್ನೇ.

ತೆರಿಗೆ ನಿಮ್ಮ ಕೈಯಲ್ಲಿಲ್ಲ, ಬಿಡಿ. ನಿಮ್ಮ ಕೈಯಲ್ಲಿ ಇರುವುದು ನೀರು. ನಾನು ಮೊದಲು ಅದನ್ನೇ ಕೇಳುತ್ತೇನೆ. ಏಪ್ರಿಲ್‌ನಲ್ಲಿ ನಮ್ಮ ಶಾಲೆಗಳ ಸಿಂಟೆಕ್ಸ್ ಟ್ಯಾಂಕಿನ ನೀರು ಕುಡಿದು ನೋಡಿದ್ದೀರಾ? ಚಹಾ ಮಾಡಬಹುದು, ಅಷ್ಟು ಬಿಸಿ. ಎದುರು ಅಂಗಡಿಯಲ್ಲಿ ಬಾಟಲಿ ಮಂಜುಗಟ್ಟಿದೆ. ಮಗು ಯಾವುದು ಕುಡಿಯುತ್ತದೆ? ವಾರ್ಡಿನ ಪ್ರತಿ ಶಾಲೆಯ ಟ್ಯಾಂಕಿಗೆ ನೆರಳಿನ ತಗಡು ಹಾಕಿಸಿ, ಶುದ್ಧ ತಣ್ಣೀರಿನ ಒಂದು ಯಂತ್ರ ಕೂರಿಸಿ. ನಾನು ಬರೆದುಕೊಡುವ ನೂರು ಡಯಟ್ ಚಾರ್ಟಿಗಿಂತ ಅದೇ ಮೇಲು. ಶಾಲೆಯ ಕಾಂಪೌಂಡಿಗೆ ಕಂಪನಿಯವರು ಪುಕ್ಕಟೆ ಬಣ್ಣ ಹೊಡೆದುಕೊಡುತ್ತೇವೆ ಅಂದರೆ ಒಪ್ಪಬೇಡಿ. ಪಾರ್ಕಿನ ಗೇಟು ಸಂಜೆ ಏಳೂವರೆವರೆಗಾದರೂ ತೆರೆದಿರಲಿ, ದೀಪ ಹತ್ತಲಿ. ಬಿಸಿಲು ಇಳಿಯುವ ಹೊತ್ತಿಗೆ ಬೀಗ ಬಿದ್ದರೆ ಮಕ್ಕಳು ಆಡುವುದು ಯಾವಾಗ?

ಒಂದು ಎಚ್ಚರಿಕೆ. ಐವತ್ತು ಮೀಟರ್ ನಿಯಮ ಅಂತ ಲಾರಿ ತಂದು ಬಂಡಿ ಎತ್ತಿಸಬೇಡಿ. ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆಯ ರಕ್ಷಣೆ ಇದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಅವರದೇ ಪ್ರತಿನಿಧಿಗಳು ಶೇ 40ಕ್ಕೆ ಕಡಿಮೆ ಇಲ್ಲದಂತೆ ಇರಬೇಕು. ಅಲ್ಲಿ ಕೂತು ಮಾತಾಡಿ: ಗೇಟಿನ ಹತ್ತಿರದ ಜಾಗ ಹಣ್ಣು, ಶೇಂಗಾ, ಮಜ್ಜಿಗೆಯ ಬಂಡಿಗೆ, ಗೋಬಿ ಬಂಡಿ ಆಚೆಗೆ. ದೊಡ್ಡ ಕಂಪನಿಯ ಫ್ರಿಜ್ ಅಲ್ಲೇ ಉಳಿದು ಬಡವನ ಬಂಡಿ ಮಾತ್ರ ಎದ್ದರೆ ಅದಕ್ಕೆ ನಾನು ಮಕ್ಕಳ ಆರೋಗ್ಯ ಅನ್ನುವುದಿಲ್ಲ.

ಬರ್ತ್‌ಡೇಗೆ ಕ್ಲಾಸಿಗೆಲ್ಲ ಚಾಕಲೇಟ್ ಹಂಚಬಹುದಾ?
— ಬೀದರ್

ಐವತ್ತು ಮಕ್ಕಳ ಕ್ಲಾಸು ಅಂದರೆ ವರ್ಷಕ್ಕೆ ಐವತ್ತು ಬರ್ತ್‌ಡೇ. ಪೆನ್ಸಿಲ್ ಕೊಡಿ. ಇಲ್ಲವೇ ಲೈಬ್ರರಿಗೆ ಒಂದು ಪುಸ್ತಕ, ಮೊದಲ ಪುಟದಲ್ಲಿ ಮಗುವಿನ ಹೆಸರು.

ಮಿರ್ಚಿ ಭಜಿಯನ್ನೂ ಬಿಡಬೇಕಾ ಮೇಡಂ? ಭಾನುವಾರ ಸಂಜೆ ಎಲ್ಲರೂ ಕೂಡಿ ತಿನ್ನುವುದು ಅದೊಂದೇ.
— ಶಹಾಪುರ

ಕಲಬುರಗಿಯಲ್ಲಿ ಕೂತು ಮಿರ್ಚಿ ಭಜಿ ಬಿಡಿ ಅಂದರೆ ನನ್ನ ಕ್ಲಿನಿಕ್ಕಿಗೆ ಯಾರೂ ಬರುವುದಿಲ್ಲ. ವಾರಕ್ಕೊಂದು ಸಲ, ಮನೆಯವರೆಲ್ಲ ಕೂಡಿ ತಿನ್ನುವ ಭಜಿಯಿಂದ ಮಕ್ಕಳಿಗೆ ಬೊಜ್ಜು ಬರುವುದಿಲ್ಲ. ದಿನಾ ಒಬ್ಬೊಬ್ಬರೇ ಫೋನ್ ನೋಡುತ್ತ ಖಾಲಿ ಮಾಡುವ ಪಾಕೀಟಿನದೇ ತೊಂದರೆ. ಚುರುಮುರಿ ಜಾಸ್ತಿ ಇರಲಿ, ಉಳ್ಳಾಗಡ್ಡಿ ಇರಲಿ, ಕೋಲಾ ಮಾತ್ರ ಬೇಡ. ಕಡಾಯಿ ಎಣ್ಣೆ ಕಪ್ಪಾಗಿ ನೊರೆ ಏಳುತ್ತಿದ್ದರೆ ಆ ಬಂಡಿ ಬಿಟ್ಟು ಮುಂದಿನದಕ್ಕೆ ಹೋಗಿ. ಪ್ಲೇಟಿಗೆ ನಾಲ್ಕು ಬಂದರೆ ಎರಡು ಮಗುವಿಗೆ, ಎರಡು ನಿಮಗೆ.